ಹಸಿರು ಹಾಳೆಯಲ್ಲಿ ಬಿಟ್ಟುಹೋದ ಗೆರೆ

ಪ್ರೀತಿಯ ಮಿಸ್ ವರ್ನೆಲ್,

ಓದುತ್ತಿರುವುದು ಹಾಲಿಸ್ ಅವರ ದನಿ ಎಂದು ಮೊದಲ ಪದಕ್ಕೇ ನಿಮಗೆ ಗೊತ್ತಾಗಿರುತ್ತದೆ. ಮಾತು ಮಾತ್ರ ನನ್ನದು, ಲೇನಿಯದು. ಎದ್ದು ಒಳಗೆ ಹೋಗುವುದಾದರೆ ಈಗಲೇ ಹೋಗಿಬಿಡಿ. ನೀವು ಎದ್ದರೆ ಓದುವುದನ್ನು ನಿಲ್ಲಿಸಿ ಕಾಗದವನ್ನು ಒಲೆಗೆ ಹಾಕಿ ಎಂದು ಅವರಿಗೆ ಹೇಳಿದ್ದೇನೆ. ಕೂತೇ ಇದ್ದರೆ ಒಂದು ಪದವನ್ನೂ ಬಿಡಬಾರದು, ಅವರ ಬಗ್ಗೆ ಬರೆದದ್ದನ್ನೂ ಬಿಡಬಾರದು ಎಂದಿದ್ದೇನೆ. ಮುಜುಗರದ ಮಾತು ಬಂದರೆ ಕೆಮ್ಮಿ ಎರಡು ಸಾಲು ಹಾರಿಸುವ ಅಭ್ಯಾಸ ಅವರಿಗಿದೆ. ಶಾಲೆಯ ಬಸ್ಸು ಓಡಿಸುತ್ತಿದ್ದ ಕಾಲದಲ್ಲೂ ಹಿಂದಿನ ಸೀಟಿನ ಹುಡುಗರು ಕೆಟ್ಟ ಮಾತಾಡಿದರೆ ಹೀಗೇ ಕೆಮ್ಮುತ್ತಿದ್ದರು. ಕೆಮ್ಮು ಕೇಳಿಸಿದರೆ ಸ್ವಲ್ಪ ಹಿಂದಿನಿಂದ ಮತ್ತೆ ಓದಿಸಿ.

ಶಾಸನಸಭೆ ಜನವರಿಯಲ್ಲಿ ಮತ್ತೆ ಸೇರಿತು. ಈಗ ಫೆಬ್ರವರಿ ಮುಗಿಯುತ್ತಾ ಬಂದಿದೆ. ಶನಿವಾರ ಬೆಳಗ್ಗೆ ಹತ್ತಕ್ಕೆ ಮಸೂದೆ ಓದುವ ನಮ್ಮ ಸಭೆಗೆಂದು ನಾನು ಈಗಲೂ ಹಿಂಡಿ ಬೂಸದ ಅಂಗಡಿಯ ಹಿಂದಿನ ಕೋಣೆಯ ಬೀಗ ತೆಗೆಯುತ್ತೇನೆ. ಮೊದಲ ವಾರ ಎಂದಿನಂತೆ ಹದಿನಾಲ್ಕು ಕುರ್ಚಿ ಬಿಡಿಸಿಟ್ಟೆ. ಯಾರೂ ಬರಲಿಲ್ಲ. ಎರಡನೆಯ ವಾರ ಆರು ಬಿಡಿಸಿದೆ. ಈಗ ಎರಡೇ. ಒಂದರಲ್ಲಿ ಕೂತು, ಇನ್ನೊಂದರ ಬೆನ್ನಿಗೆ ಕೋಟು ತೂಗುಹಾಕುತ್ತೇನೆ. ಈ ಸಲ ಪಿಸ್ತೂಲು ಒಯ್ಯುವ ಜಾಗಗಳ ಬಗ್ಗೆ ಎರಡು ಮಸೂದೆಗಳಿವೆ. ಚರ್ಚಿಗೆ ಅಂಟಿಕೊಂಡಿರುವ ಶಾಲೆಯ ಕಟ್ಟಡದೊಳಗೆ ಭಾನುವಾರ ಪಿಸ್ತೂಲು ಇಟ್ಟುಕೊಂಡು ಹೋಗಬಹುದೇ ಎನ್ನುವುದು ಒಂದು. ಮದ್ಯ ಮಾರುವ ಹೋಟೆಲಿನಲ್ಲಿ ಕುಡಿಯದೆ ಬರೀ ಊಟಕ್ಕೆ ಕೂತವನ ಗತಿ ಏನು ಎನ್ನುವುದು ಇನ್ನೊಂದು. ಸಮಿತಿಯ ಸಭೆಯನ್ನು ಫೋನಿನಲ್ಲಿ ಹಾಕಿಕೊಂಡು ಕೇಳುತ್ತೇನೆ. ಹೋದ ವಾರ ಒಬ್ಬ ಸದಸ್ಯರು ಎದ್ದು ಹತ್ತು ನಿಮಿಷ ಮಾತಾಡಿದರು. ನೀವಿದ್ದಿದ್ದರೆ 'ಇವ್ನು ಮಸೂದೆ ಓದೇ ಇಲ್ಲ ಕಣೇ, ತಲೆಬರಹ ಓದ್ಕೊಂಡು ಬಂದಿದಾನೆ' ಎನ್ನುತ್ತಿದ್ದಿರಿ. ಅದನ್ನು ನಾನೇ ಗಟ್ಟಿಯಾಗಿ ಹೇಳಿ ನೋಡಿದೆ. ಖಾಲಿ ಕೋಣೆಯಲ್ಲಿ ಅದು ನಗೆ ತರುವ ಮಾತಾಗಲಿಲ್ಲ.

ಫೋನು ಮಾಡುವ ಪಟ್ಟಿಯನ್ನೂ ಬಿಟ್ಟಿಲ್ಲ. ಸಮಿತಿಯಲ್ಲಿ ಮತ ಬಿದ್ದ ದಿನ ನೀವು ಆರು ಮನೆಗಳಿಗೆ ಮಾಡುತ್ತಿದ್ದಿರಿ, ಆ ಆರು ಮನೆಯವರು ಮತ್ತೆ ಆರಾರು ಮನೆಗಳಿಗೆ. ಈಗ ನಾನು ಮಾಡಿದರೆ ಮೊದಲ ಆರರಲ್ಲೇ ಸುದ್ದಿ ಸಾಯುತ್ತದೆ. 'ಯಾರು, ಲೇನಿನಾ? ವರ್ನೆಲ್ ಎಲ್ಲಿ?' ಎನ್ನುತ್ತಾರೆ. ಒಬ್ಬರಂತೂ 'ಶಾಲೆ ಬಿಟ್ಟವಳ ಬಾಯಲ್ಲಿ ಕಾನೂನು ಕೇಳಿ ಒಬ್ಬ ಆಗ್ಲೇ ಕಟಕಟೆ ಹತ್ತಿದಾನೆ, ನಮಗೆ ಬೇಡಮ್ಮ' ಎಂದು ಫೋನು ಇಟ್ಟರು. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನಾನು ಶಾಲೆ ಬಿಟ್ಟವಳೇ. ಹಾಲಿಸ್ ಕಟಕಟೆ ಹತ್ತಿದ್ದೂ ನನ್ನಿಂದಲೇ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ ಅನಿಸಬಹುದು. ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನೀವು ಕೇಳಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ನಿಮ್ಮನ್ನು ಮೊದಲು ನೋಡಿದಾಗ ನನಗೆ ಹತ್ತೊಂಬತ್ತು. ಹನ್ನೊಂದನೆಯ ತರಗತಿಯ ಅಕ್ಟೋಬರಿನಲ್ಲಿ ಹಾಲಿಸ್ ಅವರ ಬಸ್ಸಿನಿಂದ ಇಳಿದವಳು ಮತ್ತೆ ಹತ್ತಿರಲಿಲ್ಲ. ಆಮೇಲಿನ ಎರಡು ವರ್ಷಗಳಲ್ಲಿ ಟೈರ್ ಅಂಗಡಿ, ಕೋಳಿ ಕಾರ್ಖಾನೆ, ಮೋಟೆಲಿನ ಬಟ್ಟೆ ಒಗೆಯುವ ಕೋಣೆ ಎಲ್ಲ ಆಗಿ, ಅಗ್ನಿಶಾಮಕ ದಳದ ಶೆಡ್ಡನ್ನು ಒರೆಸುವ ಕೆಲಸಕ್ಕೆ ಬಂದಿದ್ದೆ. ಒಂದೇ ಕಡೆ ಮೂರು ತಿಂಗಳು ನಿಂತರೆ ನನ್ನ ಕಾಲಿಗೆ ಇರುವೆ ಹತ್ತುತ್ತಿತ್ತು. ಅಲ್ಲಿ ನೀವು ಪಿಸ್ತೂಲು ಪರವಾನಗಿಯ ತರಗತಿ ನಡೆಸುತ್ತಿದ್ದಿರಿ. ನಾನು ನೆಲ ಒರೆಸುತ್ತಾ ನಿಮ್ಮ ಮೇಜಿನ ಹತ್ತಿರ ಬಂದಾಗ ಒಂದು ಕಂತೆ ಕಾಗದ ನೀಡಿ, 'ಕನ್ನಡಕ ಮರೆತು ಬಂದೆ ಮಗಳೇ, ಏಳನೇ ಕಲಂ ಸ್ವಲ್ಪ ಓದು' ಎಂದಿರಿ. ಓದಿದೆ. 'ಅಲ್ಲಿ ಮತ್ತು ಅಂತ ಇದೆಯಾ, ಅಥವಾ ಅಂತ ಇದೆಯಾ? ಸರಿಯಾಗಿ ನೋಡು. ಒಂದು ಪದದ ಮೇಲೆ ಮನುಷ್ಯ ಮನೆಗೆ ಹೋಗ್ತಾನೋ ಜೈಲಿಗೆ ಹೋಗ್ತಾನೋ ಅನ್ನೋದು ನಿಂತಿರುತ್ತೆ.' ಅಥವಾ ಎಂದು ಇತ್ತು. ನೀವು ಮುಂದಕ್ಕೆ ಬಾಗಿ ಕೇಳುತ್ತಿದ್ದಿರಿ. ನಾನು ಓದುವುದನ್ನು ಅಷ್ಟು ಬೇಕಾಗಿ ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಶಾಲೆಯಲ್ಲಿ ನಾನು ಓದಿದರೆ ಟೀಚರು ಗಡಿಯಾರ ನೋಡುತ್ತಿದ್ದರು.

ಎರಡು ವರ್ಷ ನೀವು ಪ್ರತಿ ಶನಿವಾರ ಕನ್ನಡಕ ಮರೆತಿರಿ. ಎರಡು ವರ್ಷ ನಾನು ಓದಿದೆ. ನಿಮ್ಮ ನೋಟದ ನಡುವೆ ಮಸಿ ಬಳಿದ ಹಾಗೆ ಆಗಿದೆ, ಅಂಚುಗಳಲ್ಲಿ ಮಾತ್ರ ಬೆಳಕು ಉಳಿದಿದೆ ಎಂದು ನಾಲ್ಕನೆಯ ವಾರವೇ ನನಗೆ ಗೊತ್ತಾಗಿತ್ತು. ನನ್ನ ಮುಖ ನೋಡಬೇಕಾದರೆ ನೀವು ನನ್ನ ಕಿವಿಯ ಕಡೆ ನೋಡುತ್ತಿದ್ದಿರಿ. ಕಾಫಿ ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳು ಇಟ್ಟುಕೊಳ್ಳುತ್ತಿದ್ದಿರಿ. ತರಗತಿಯ ಅಭ್ಯಾಸಕ್ಕೆಂದು ಜಲ್ಲಿ ಗುಂಡಿಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಯಾರಾದರೂ ಗುಂಡು ಹಾರಿಸಿದರೆ, 'ಹಲಗೆಗೆ ಬಿತ್ತು', 'ಮಣ್ಣಿಗೆ ಹೋಯ್ತು' ಎಂದು ಸದ್ದಿನ ಮೇಲೆಯೇ ಹೇಳುತ್ತಿದ್ದಿರಿ, ಒಂದು ಸಲವೂ ತಪ್ಪುತ್ತಿರಲಿಲ್ಲ. ನಾವಿಬ್ಬರೂ ಅದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಯಾರೂ ಕೇಳದಿದ್ದಾಗ ಸುಮ್ಮನಿರುವುದು ಸುಳ್ಳಲ್ಲ ಎಂದು ನನ್ನ ಲೆಕ್ಕ. ನಾನು ಸುಳ್ಳು ಹೇಳುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುವವಳು. 'ನಿನ್ನ ಸತ್ಯಕ್ಕೆ ಕೈ ಕಾಲು ತೊಳೆಯೋ ಅಭ್ಯಾಸ ಇಲ್ಲ ಕಣೇ, ಕೆಸರಲ್ಲೇ ಒಳಗೆ ನುಗ್ಗುತ್ತೆ' ಎಂದು ನೀವೇ ಬೈದಿದ್ದಿರಿ.

ಇನ್ನು ಹಾಳೆ. ಪ್ರತಿ ವರ್ಷ ಅಧಿವೇಶನ ಮುಗಿದು ಹೊಸ ಕಾನೂನು ಜುಲೈ ಒಂದಕ್ಕೆ ಜಾರಿಯಾಗುವ ಹೊತ್ತಿಗೆ ನೀವು ತರುತ್ತಿದ್ದ ಆ ಒಂದು ಹಾಳೆ. ಎಡಗಡೆ ಪಿಸ್ತೂಲು ಒಯ್ಯಬಹುದಾದ ಜಾಗಗಳು, ಬಲಗಡೆ ಒಯ್ಯಬಾರದ ಜಾಗಗಳು. ವರ್ಷಕ್ಕೊಂದು ಬಣ್ಣ, ಹಳೆಯದನ್ನು ಯಾರೂ ತಪ್ಪಿ ಇಟ್ಟುಕೊಳ್ಳಬಾರದು ಎಂದು. ಕೌಂಟಿಯಲ್ಲಿ ಇನ್ನೂರು ಗಾಡಿಗಳಲ್ಲಿ, ಮುಂದಿನ ಗಾಜಿನ ಮೇಲೆ ಬಿಸಿಲಿಗೆ ಅಡ್ಡ ಇಳಿಸುವ ಮುಚ್ಚಳದಲ್ಲಿ, ಆ ಹಾಳೆ ಇರುತ್ತಿತ್ತು. ಶೆರಿಫರ ಕಚೇರಿಯವರೂ ಒಂದು ಇಸಿದುಕೊಳ್ಳುತ್ತಿದ್ದರು. ಹೋದ ವರ್ಷದ್ದು ಹಸಿರು. ಅದನ್ನು ಬರೆಯುವ ಕೆಲಸವನ್ನು ಮೊದಲ ಸಲ ನನ್ನ ಕೈಗೆ ಕೊಟ್ಟಿರಿ.

ಹೊಸ ಕಾನೂನಿನಲ್ಲಿ ಮೂರು ಜಾಗಗಳು ಪಿಸ್ತೂಲಿಗೆ ತೆರೆದುಕೊಳ್ಳುವುದಿತ್ತು. ಕೌಂಟಿಯ ಗ್ರಂಥಾಲಯ, ಜಾನುವಾರು ಪ್ರದರ್ಶನದ ಸಭಾಂಗಣ, ಆಸ್ಪತ್ರೆಯಲ್ಲಿ ಜನ ಕಾಯುವ ಕೋಣೆ. ಕೊನೆಯ ಗಳಿಗೆಯ ತಿದ್ದುಪಡಿಯಲ್ಲಿ ಆಸ್ಪತ್ರೆಯನ್ನು ತೆಗೆದರು. ಮಸೂದೆಯಲ್ಲಿ ತೆಗೆದ ಪದವನ್ನು ಅಳಿಸುವುದಿಲ್ಲ, ಅದರ ನಡುವೆ ಒಂದು ಗೆರೆ ಎಳೆಯುತ್ತಾರೆ, ಸೇರಿಸಿದ ಪದದ ಕೆಳಗೆ ಎಳೆಯುತ್ತಾರೆ. ಮೊದಲ ತಿಂಗಳೇ ನೀವು ಕಲಿಸಿದ ಪಾಠ ಅದು. ನಾನು ಆ ಸಾಲುಗಳನ್ನು ಫೋನಿನಿಂದ ಎತ್ತಿ ಅಂಗಡಿಯ ಕಂಪ್ಯೂಟರಿಗೆ ಹಾಕಿದೆ. ಪದಗಳು ಬಂದವು, ಗೆರೆ ಬರಲಿಲ್ಲ. ಹಾಳೆಯ ಎಡಗಡೆ ಆಸ್ಪತ್ರೆ ಬದುಕಿಕೊಂಡಿತು. 'ಎರಡು ಸಲ ನೋಡಿದ್ಯಾ?' ಎಂದು ಕೇಳಿದಿರಿ. 'ನೋಡಿದೆ' ಎಂದೆ. ನೋಡಿದ್ದು ನಿಜ. ಎರಡು ಸಲವೂ ಕಂಪ್ಯೂಟರಿನಲ್ಲಿದ್ದದ್ದನ್ನೇ ನೋಡಿದೆ, ಶಾಸನಸಭೆಯ ಪುಟವನ್ನಲ್ಲ. ಹದಿನೈದು ನಿಮಿಷ ಉಳಿಯುತ್ತದಲ್ಲ ಎಂದು.

ಅಕ್ಟೋಬರಿನಲ್ಲಿ ಹಾಲಿಸ್ ತಮ್ಮ ತಮ್ಮನ ಹೃದಯದ ಆಪರೇಷನ್ನಿಗೆಂದು ಹೋದವರು ಆ ಕಾಯುವ ಕೋಣೆಯಲ್ಲಿ ಕಾಫಿ ಯಂತ್ರಕ್ಕೆ ಬಾಗಿದರು. ಜಾಕೆಟ್ಟು ಮೇಲಕ್ಕೆ ಸರಿಯಿತು, ಸೊಂಟದ ಒರೆ ಕಾವಲುಗಾರನ ಕಣ್ಣಿಗೆ ಬಿತ್ತು. ಶೆರಿಫರ ಡೆಪ್ಯುಟಿಗಳು ಬಂದಾಗ ಹಾಲಿಸ್ ಕೈ ಎರಡನ್ನೂ ಮೇಜಿನ ಮೇಲಿಟ್ಟು, 'ಜೇಬಲ್ಲಿ ಹಸಿರು ಹಾಳೆ ಇದೆ, ತೆಗೆದು ನೋಡಿ ಸಾರ್, ಬರೆದಿದೆ' ಎಂದರಂತೆ. ಹಾಳೆಯನ್ನು ನೋಡಿದರು. ಕಾನೂನನ್ನೂ ನೋಡಿದರು. ತಮ್ಮನಿಗೆ ಎಚ್ಚರವಾದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾಲಿಸ್ ಅವರ ಪಿಸ್ತೂಲಿನ ಪರವಾನಗಿ ಒಂದು ವರ್ಷಕ್ಕೆ ಹೋಯಿತು. ಅರವತ್ತೆಂಟು ವರ್ಷ ಯಾರ ಕೈಯಲ್ಲೂ ಒಂದು ಮಾತು ಅನ್ನಿಸಿಕೊಳ್ಳದ ಮನುಷ್ಯ ನ್ಯಾಯಾಧೀಶರ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತರು.

ಹಾಲಿಸ್, ಈಗ ಕೆಮ್ಮಬೇಡಿ. ನಿಮ್ಮ ಮುಂದೆ ಇದನ್ನು ಹೇಳಲು ಹೋದಾಗಲೆಲ್ಲ ನೀವು ತಮಾಷೆ ಮಾಡಿ ನನ್ನ ಬಾಯಿ ಮುಚ್ಚಿಸಿದ್ದೀರಿ. 'ಈ ವರ್ಷದ ಹಾಳೆ ಯಾವ ಬಣ್ಣನಮ್ಮ? ಜೈಲಿನ ಅಂಗಿಗೆ ಹೊಂದೋದು ಮಾಡು' ಎಂದಿರಿ. ಇಲ್ಲಿ ನೀವೇ ಓದಬೇಕು, ತಪ್ಪಿಸಿಕೊಳ್ಳಲು ಬರುವುದಿಲ್ಲ. ನಾನು ತಪ್ಪು ಮಾಡಿದೆ. ನಿಮ್ಮ ತಮ್ಮನಿಗೂ ಹೇಳಿ.

ಆಮೇಲೆ ಡಿಸೆಂಬರಿನ ಆ ಬುಧವಾರ. ನ್ಯಾಯಾಲಯದ ಕಟ್ಟಡದ ಎರಡನೆಯ ಮಹಡಿಯ ಕೋಣೆಯಲ್ಲಿ ಪರವಾನಗಿ ಇಲಾಖೆಯ ಮೂವರು ಕೂತಿದ್ದರು, ಹಾಳೆಯ ವಿಚಾರ ತೀರ್ಮಾನಿಸಲು. ನೀವು ಎದ್ದು 'ಹಾಳೆ ನನ್ನದು, ತಪ್ಪು ನನ್ನದು' ಎಂದಿರಿ. ನಾನು ಹಿಂದಿನ ಬೆಂಚಿನಿಂದ ಎದ್ದು, 'ಅಲ್ಲ, ನಾನು ಬರೆದಿದ್ದು' ಎಂದೆ. 'ಕೂತ್ಕೋ ಲೇನಿ' ಎಂದು ಹಲ್ಲು ಕಚ್ಚಿ ಹೇಳಿದಿರಿ. ನಾನು ಕೂರಲಿಲ್ಲ. ನಡುವೆ ಕೂತಿದ್ದವರು ನಕ್ಕರು ಕೂಡ. 'ತಪ್ಪನ್ನ ನಂದು ನಂದು ಅಂತ ಕಿತ್ತಾಡೋರನ್ನ ಈ ಕಟ್ಟಡದಲ್ಲಿ ಮೊದಲನೇ ಸಲ ನೋಡ್ತಿದೀನಿ' ಎಂದರು. ಸರಿಪಡಿಸಿದ ಹಾಳೆಯನ್ನು ಇನ್ನೂರು ಜನರಿಗೂ ತಲುಪಿಸಿ, ತರಗತಿ ಮುಂದುವರಿಸಿ ಎಂದರು. ಮುಗಿದಿತ್ತು, ಮಿಸ್ ವರ್ನೆಲ್. ಅವರು ಫೈಲು ಮುಚ್ಚಿದ್ದರು. ಮುಚ್ಚಿದ ಮೇಲೆ ವಾಡಿಕೆಗೆಂದು, ಯಾರೂ ಏನೂ ಹೇಳುವುದಿಲ್ಲ ಎಂದು ಗೊತ್ತಿದ್ದೇ, 'ಮತ್ತೇನಾದ್ರೂ ಇದೆಯಾ?' ಎಂದರು.

ನಾನು 'ಇದೆ' ಎಂದೆ. 'ಮಿಸ್ ವರ್ನೆಲ್‌ಗೆ ಕಣ್ಣು ಕಾಣಲ್ಲ' ಎಂದೆ.

ನೀವು ತಿರುಗಲಿಲ್ಲ. ಕೈಚೀಲ ತೆಗೆದುಕೊಂಡು, ಬೆಂಚುಗಳ ತುದಿಯನ್ನು ಒಂದೊಂದಾಗಿ ಮುಟ್ಟುತ್ತಾ ಬಾಗಿಲಿನವರೆಗೆ ಹೋದಿರಿ. ಹಾಗೆ ಎಲ್ಲರ ಮುಂದೆ ಮುಟ್ಟಿಕೊಂಡು ನಡೆದದ್ದು ಅದೇ ಮೊದಲು. ನನ್ನ ಪಕ್ಕದ ಬೆಂಚಿಗೆ ಬಂದಾಗ ನಿಂತು, 'ಅವರು ಅದನ್ನ ಕೇಳಿರ್ಲಿಲ್ಲ' ಎಂದಿರಿ. ಅದಾದ ಮೇಲೆ ನಿಮ್ಮಿಂದ ನಾನು ಒಂದು ಮಾತೂ ಕೇಳಿಲ್ಲ. ಹನ್ನೊಂದು ದಿನಕ್ಕೆ ನಿಮ್ಮ ಅಕ್ಕ ಬಂದು ತಮ್ಮ ಮನೆಗೆ ಕರೆದುಕೊಂಡು ಹೋದರು. ತರಗತಿಯ ಪರವಾನಗಿ ಪತ್ರವನ್ನು ನೀವೇ ಅಂಚೆಯಲ್ಲಿ ಹಿಂದಿರುಗಿಸಿದಿರಿ ಎಂದು ಆಮೇಲೆ ತಿಳಿಯಿತು. ನಿಮ್ಮ ಮನೆಯ ಮುಂದೆ ಹೋದರೆ ಈಗಲೂ ಕಾಲು ತಾನೇ ನಿಧಾನವಾಗುತ್ತದೆ, ಗೇಟಿನವರೆಗೆ ಹೋಗಿ ವಾಪಸು ಬರುತ್ತೇನೆ.

ನಾನು ನನ್ನ ಸತ್ಯದ ಜಂಬಕ್ಕೆ ನಿಮ್ಮನ್ನು ಬಲಿ ಕೊಟ್ಟೆ ಎಂದು ಊರು ಹೇಳುತ್ತದೆ. ನೀವೂ ಹಾಗೇ ತಿಳಿದಿದ್ದೀರಿ ಎಂದು ಹಾಲಿಸ್ ಹೇಳಿದರು. ಹಾಗಾದರೆ ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಹಾಲಿಸ್‌ಗೂ ಇದು ಗೊತ್ತಿಲ್ಲ, ಅವರೂ ಈಗಲೇ ಓದುತ್ತಿದ್ದಾರೆ.

ನವೆಂಬರಿನ ಮೂರನೆಯ ಶನಿವಾರದ ತರಗತಿ ನೆನಪಿದೆಯೇ? ಹೊಸದಾಗಿ ಮದುವೆಯಾದ ಶೆಲ್ಬಿ ಪ್ರೂಯಿಟ್ ಎಂಬ ಹುಡುಗಿ ಬಂದಿದ್ದಳು. ಅವತ್ತು ಗಾಳಿ ಜೋರಾಗಿತ್ತು. ಕಿವಿಗೆ ಮುಚ್ಚಳ ಹಾಕಿಕೊಂಡಿದ್ದಳು, ನೀವು ಹೇಳಿದ್ದು ಕೇಳಿಸಲಿಲ್ಲ. ಏನೆಂದು ಕೇಳಲು ತಿರುಗಿದಳು. ಅವಳೊಂದಿಗೆ ಪಿಸ್ತೂಲೂ ತಿರುಗಿತು. ಗುಂಡು ತುಂಬಿತ್ತು, ಅವಳ ಬೆರಳು ಟ್ರಿಗರಿನ ಮೇಲಿತ್ತು, ನಳಿಗೆ ನಿಮ್ಮ ಹೊಟ್ಟೆಗೆ ನೇರವಾಗಿತ್ತು. ಮೂರು ಹೆಜ್ಜೆಯೂ ಇರಲಿಲ್ಲ. ನೀವು ಅವಳ ಕಿವಿಯ ಕಡೆ ನೋಡುತ್ತಾ ನಗುತ್ತಿದ್ದಿರಿ. 'ಚೆನ್ನಾಗಿ ಹಿಡಿದಿದೀಯ ಮಗಳೇ, ಹಾಗೇ ಇರು' ಎಂದಿರಿ.

ಹಾಗೇ ಇರು ಎಂದಿರಿ, ಮಿಸ್ ವರ್ನೆಲ್.

ನಾನು ಅವಳ ಮೊಣಕೈಯನ್ನು ಕೆಳಕ್ಕೆ ಒತ್ತಿ, ಮಣಿಕಟ್ಟು ತಿರುಚಿ ಪಿಸ್ತೂಲು ತೆಗೆದುಕೊಂಡೆ. ಅದು ಹಾರಲಿಲ್ಲ. ಮೇಜಿನ ಮೇಲಿದ್ದ ಖಾಲಿ ತೋಟಾಗಳ ಡಬ್ಬಿ ಉರುಳಿತು. 'ಏನಾಯ್ತು?' ಎಂದಿರಿ. ನಾನು 'ಏನಿಲ್ಲ, ಡಬ್ಬಿ ಬಿತ್ತು' ಎಂದೆ. ಶೆಲ್ಬಿ ಓಡಿಹೋಗಿ ತನ್ನ ಕಾರಿನಲ್ಲಿ ಕೂತು ಅಳುತ್ತಿದ್ದಳು. ಅವಳಿಗೆ ಚಳಿಯಾಯಿತು ಎಂದು ನೀವು ಅಂದುಕೊಂಡಿರಿ. ಅದನ್ನೂ ನಾನು ತಿದ್ದಲಿಲ್ಲ.

ನನ್ನ ಜೀವನದಲ್ಲಿ ನಾನು ಗೊತ್ತಿದ್ದು ಹೇಳಿದ ಸುಳ್ಳು ಅದೊಂದೇ, ಅದನ್ನು ನಿಮಗೇ ಹೇಳಿದೆ. ಅದರ ಮುಂದಿನ ಮೂರು ವಾರ ಪ್ರತಿ ಶನಿವಾರ ನಿಮಗೂ ಗುಂಡು ಹಾರಿಸುವವರಿಗೂ ನಡುವೆ ನಿಂತೆ. 'ಏನೇ ಇದು, ಬೆಳಕಿಗೆ ಅಡ್ಡ ನಿಲ್ತೀಯ' ಎಂದು ಬೈದಿರಿ. ಮನೆಗೆ ಬಂದು ಹೇಳಬೇಕೆಂದು ಎರಡು ಸಲ ನಿಮ್ಮ ಅಡುಗೆಮನೆಯಲ್ಲಿ ಬಂದು ಕೂತೆ. ನೀವು ಹುರುಳಿಕಾಯಿ ಬಿಡಿಸುತ್ತಾ ಬೇಸಿಗೆಯ ತರಗತಿಯ ಬಗ್ಗೆ ಮಾತಾಡುತ್ತಿದ್ದಿರಿ. ಶಿಕ್ಷಕರ ತರಬೇತಿಗೆ ನನ್ನನ್ನೂ ಕಳಿಸುವುದಾಗಿ ಹೇಳಿದಿರಿ. ನಿಮ್ಮ ಹತ್ತಿರ ಆ ತರಗತಿ ಬಿಟ್ಟು ಬೇರೇನೂ ಇಲ್ಲ, ನನ್ನ ಹತ್ತಿರ ನಿಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ. ಎರಡು ಸಲವೂ ಊಟ ಮಾಡಿ ಎದ್ದು ಬಂದೆ.

ಅದಕ್ಕೇ, ಆ ಮನುಷ್ಯರು ಫೈಲು ಮುಚ್ಚಿ 'ತರಗತಿ ಮುಂದುವರಿಸಿ' ಎಂದಾಗ ನನಗೆ ಕಂಡದ್ದು ಮುಂದಿನ ಶನಿವಾರ. ನಾನು ಅವತ್ತು ಬರಲಾಗದೆ ಹೋದರೆ? ನಾನು ಇನ್ನೊಂದು ಬದಿಗೆ ನಿಂತಿದ್ದರೆ? ಅವರು ಕೇಳಿರಲಿಲ್ಲ, ನಿಜ. ಯಾರಾದರೂ ಕೇಳಲಿ ಎಂದು ಮೂರು ವಾರ ಕಾದಿದ್ದೆ, ಯಾರೂ ಕೇಳಲಿಲ್ಲ.

ಕಣ್ಣಿನ ವಿಷಯ ಹೇಳಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಅದನ್ನು ಇವತ್ತೂ ಹೇಳುತ್ತೇನೆ. ಆದರೆ ಅದನ್ನು ಮೊದಲು ನಿಮ್ಮ ಅಡುಗೆಮನೆಯಲ್ಲಿ, ನಿಮಗೊಬ್ಬರಿಗೇ ಹೇಳಬೇಕಿತ್ತು. ಹೇಳಿದ್ದರೆ ತರಗತಿಯನ್ನು ನೀವೇ ನಿಲ್ಲಿಸುತ್ತಿದ್ದಿರಿ, ನಿಮ್ಮ ಬಾಯಿಂದಲೇ ಎಲ್ಲರಿಗೂ ತಿಳಿಸುತ್ತಿದ್ದಿರಿ, ಬೆಂಚು ಮುಟ್ಟಿಕೊಂಡು ಆ ಕೋಣೆ ದಾಟಬೇಕಾಗಿರಲಿಲ್ಲ. ನಿಮಗೆ ಆ ಅವಕಾಶ ಕೊಡುವಷ್ಟು ಧೈರ್ಯ ನನಗಿರಲಿಲ್ಲ. ಮೂವರು ಅಪರಿಚಿತರ ಮುಂದೆ ಹೇಳುವುದು ಸುಲಭವಾಗಿತ್ತು. ಅದಕ್ಕೆ ಕ್ಷಮೆ ಕೇಳುತ್ತೇನೆ. ಡಬ್ಬಿ ಬಿತ್ತು ಎಂದದ್ದಕ್ಕೂ ಕೇಳುತ್ತೇನೆ.

ಇನ್ನೊಂದು ಮಾತು ಉಳಿದಿದೆ. ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ. ನಿಮ್ಮ ಅಕ್ಕನ ಮನೆಯ ಮುಂದೆ ಹಾಲಿಸ್ ಅವರ ಪಿಕಪ್ ನಿಂತಿದೆಯಲ್ಲ, ಅದರಲ್ಲಿ ನಾನು ಕೂತಿದ್ದೇನೆ. ಪಿಸ್ತೂಲು ಊರಲ್ಲೇ ಬಿಟ್ಟು ಬಂದಿದ್ದೇನೆ, ನಿಮ್ಮ ಅಕ್ಕ ತಮ್ಮ ಮನೆಯೊಳಗೆ ಅದು ಬೇಡ ಎನ್ನುತ್ತಾರೆಂದು ಹಾಲಿಸ್ ಹೇಳಿದರು. ಮನೆಯೊಡತಿಯ ಮಾತೇ ಆ ಮನೆಯ ಕಾನೂನು. ಹಾಗೆಂದರೆ ನಾನು ಒಳಗೆ ಬರುತ್ತೇನೆ ಎಂದು ತೀರ್ಮಾನಿಸಿಬಿಟ್ಟೆ ಎಂದಲ್ಲ. ನಿಮಗೆ ಬೇಡವಾದರೆ ಏನೂ ಹೇಳಬೇಕಾಗಿಲ್ಲ. ಹಾಲಿಸ್ ಹೊರಗೆ ಬಂದು, ಬಾಗಿಲು ಹಾಕಿಕೊಂಡು, ಗಾಡಿ ಶುರು ಮಾಡಲಿ. ಏನಾಯಿತು ಎಂದು ನಾನು ಅವರನ್ನು ಕೇಳುವುದಿಲ್ಲ. ಎರಡು ಕೌಂಟಿಯಷ್ಟು ದಾರಿ ರೇಡಿಯೋ ಹಾಕಿಕೊಂಡು ಹೋಗುತ್ತೇವೆ. ಇನ್ನೊಮ್ಮೆ ಕಾಗದವನ್ನೂ ಬರೆಯುವುದಿಲ್ಲ.

ಬೇಕು ಎನಿಸಿದರೆ ಬಾಗಿಲನ್ನು ಹಾಗೇ ತೆರೆದಿಡಲು ಹೇಳಿ, ಸಾಕು. ನಾನಿರುವ ಕಡೆಯಿಂದ ಅದು ಕಾಣುತ್ತದೆ.

ಹೇಗೇ ಆಗಲಿ, ಹೊಸ ಮನೆಯ ಮೆಟ್ಟಿಲುಗಳು ನಿಮ್ಮ ಕಾಲಿಗೆ ಬೇಗ ಪರಿಚಯವಾಗಲಿ. ಉಳಿದಿರುವ ಅಂಚಿನ ಬೆಳಕು ಬಹಳ ವರ್ಷ ಬಾಳಲಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಮಿಸ್ ವರ್ನೆಲ್.

ಕಿಟಕಿಯ ಗಾಜು ಇಳಿಸಿಕೊಂಡು ಕೂತಿರುವ,
ಲೇನಿ